ಕಸಿಯ ಗಂಟಿನ ಮೇಲೆ

ಶಿವರಾತ್ರಿಗೆ ಚಳಿ ‘ಶಿವ ಶಿವಾ’ ಅಂತ ಹೊರಟುಹೋಗುತ್ತದೆ ಎನ್ನುತ್ತಾರೆ. ಆ ವರ್ಷ ಹೋಗುವಾಗ ನನ್ನ ಮಾವಿನ ಗಿಡದ ಎಲೆಗಳನ್ನೂ ಕರೆದುಕೊಂಡು ಹೋಗಿತ್ತು.

ನಮ್ಮ ಮಳವಳ್ಳಿಯ ಚಳಿ ಒಂದು ಸ್ವೆಟರಿಗೆ ಹೆದರುವಂಥದ್ದು. ಆದರೆ ಜಗುಲಿಯ ಕುಂಡದಲ್ಲಿ ಬೆಳೆದು ಹಿಂದಿನ ಮಳೆಗಾಲದಲ್ಲಷ್ಟೇ ಹಿತ್ತಲಿಗೆ ಇಳಿದಿದ್ದ ಗಿಡಕ್ಕೆ ಅದು ಮೊದಲ ಚಳಿ. ಪೂರಿಗಾಲಿಯ ತವರಿನ ಮುಂದೆ ಅಮ್ಮ ನೆಟ್ಟಿದ್ದ ಮರವನ್ನು ರಸ್ತೆ ಅಗಲ ಮಾಡಲು ಕಡಿಯುವ ಹಿಂದಿನ ದಿನ, ಅದರ ಕಡ್ಡಿಗಳನ್ನು ತಂದು ಕಿರುಗಾವಲಿನ ನರ್ಸರಿಯಲ್ಲಿ ಬೇರೆ ಸಸಿಗಳಿಗೆ ಕಸಿ ಕಟ್ಟಿಸಿದ್ದೆ. ಮೂರರಲ್ಲಿ ಉಳಿದದ್ದು ಇದೊಂದೇ. ಅಮ್ಮ ಆಗಲೇ ಇರಲಿಲ್ಲ.

ಎಲೆ ಉದುರುತ್ತಿದ್ದ ದಿನಗಳಲ್ಲಿ, ಬೆಳಿಗ್ಗೆ ಕಾಫಿ ಹಿಡಿದು ಗಿಡದ ಪಕ್ಕ ಕೂರುತ್ತಿದ್ದೆ. ಮಂಜಿನಲ್ಲಿ ಆಚೆಯ ಕಬ್ಬಿನ ಗದ್ದೆ ಕಾಣುತ್ತಿರಲಿಲ್ಲ, ಅದರ ಬಿಳಿ ಹೂವಷ್ಟೇ ತೇಲುತ್ತಿತ್ತು. ನಿದ್ದೆಯೋ ಎಚ್ಚರವೋ ತಿಳಿಯದ ಆ ಹೊತ್ತಿನಲ್ಲಿ ಮಾವಿನ ಸೊನೆಯ ವಾಸನೆ ಬರುತ್ತಿತ್ತು. ಅಮ್ಮ ತೊಟ್ಟು ಮುರಿದು ಹಣ್ಣು ಕೊಡುತ್ತಿದ್ದಳು. ಕೈ ಚಾಚುವಷ್ಟರಲ್ಲಿ ಕಾಫಿ ತಣ್ಣಗಾಗಿರುತ್ತಿತ್ತು.

ಶಿವರಾತ್ರಿ ಕಳೆದ ಮೇಲೆ ಒಂದು ಬೆಳಿಗ್ಗೆ ನೋಡಿದರೆ, ಬುಡದಲ್ಲಿ ಎರಡು ಚಿಗುರು! ನನಗೆ ಸ್ವರ್ಗ ಮೂರೇ ಗೇಣು. ನಾನು ಪಾಠ ಮಾಡುವ ಸ್ಕೂಲಿನಲ್ಲಿ ಪೇಡ ಕೂಡ ಹಂಚಿದೆ. ಚಿಗುರು ಗೇಣುದ್ದವಾದಾಗ ನನ್ನ ಅತ್ತೆ ಹಿತ್ತಲಿಗೆ ಬಂದು ಬಗ್ಗಿ ನೋಡಿ, ಕಸಿ ಕಟ್ಟಿದ ಗಂಟಿನ ಕೆಳಗೆ ಬೆರಳಿಟ್ಟರು.

“ಇದು ನಿಮ್ಮವ್ವನ ಮರ ಅಲ್ಲ ಕಣಮ್ಮ. ಗಂಟಿನ್ ಕೆಳ್ಗೆ ಬಂದದೆ, ಯಾವ್ದೋ ಕಾಡು ಗೊರಟೆದು. ಬುಟ್ರೆ ಇದೇ ಎಲ್ಲಾನೂ ಕುಡ್ಕಂಡು ಮೇಲಿನ್ ಕಡ್ಡಿನ ಒಣಗಿಸ್ತದೆ. ಮುರ್ದಾಕು.”

“ಮೇಲೆ ಬರೀ ಕಡ್ಡಿ ಇದೆಯಲ್ಲ ಅತ್ತೆ?”

ಅವರು ಉಗುರಿನಿಂದ ಕಡ್ಡಿಯನ್ನು ಕೊಂಚ ಕೆರೆದರು. ತೊಗಟೆಯ ಒಳಗೆ ತೆಳ್ಳನೆಯ ಹಸಿರು. “ಜೀವ ಅದೆ,” ಎಂದರು.

“ಹಾಗಾದರೆ ನೀವೇ ಮುರಿದುಬಿಡಿ.”

“ನಾನ್ ಮುರ್ದು ಅದು ಒಣಗೋದ್ರೆ, ನಾನ್ ಸಾಯಗಂಟ ನನ್ನೇ ಅಂತೀಯ. ನೀನೇ ಮುರಿ.”

ಕೋಪ ನೆತ್ತಿಗೇರಿತು. ನಿಜ ಹೇಳಿದವರ ಮೇಲೆ ಬರುವ ಕೋಪ ಅದು. ಎರಡನ್ನೂ ಮುರಿದೆ. ಹಿತ್ತಲಿನಲ್ಲಿ ಬೋಳು ಕಡ್ಡಿ ಉಳಿಯಿತು. ಅಮ್ಮನನ್ನು ಎರಡನೇ ಸಲ, ಅದೂ ನನ್ನ ಕೈಯಾರೆ, ಕಳಿಸಿಕೊಟ್ಟಂತೆ ಸಂಕಟವಾಯಿತು. ಅತ್ತೆಯೊಂದಿಗೆ ಊಟಕ್ಕೆ ಕರೆಯುವಷ್ಟೇ ಮಾತು ಉಳಿಯಿತು. ಹಿತ್ತಲಿಗೆ ಹೋಗುವುದನ್ನೂ ಬಿಟ್ಟೆ. ಅವರೇ ದಿನಾ ಹೋಗಿ ನೋಡಿ ಬರುತ್ತಿದ್ದರು.

ಯುಗಾದಿಗೆ ನಾಲ್ಕು ದಿನವಿದ್ದಾಗ ಅವರು ಹಿತ್ತಲಿನಿಂದ ಕೂಗಿದರು. ಓಡಿದೆ. ಗಂಟಿನ ಮೇಲೆ ಅಕ್ಕಿಕಾಳಿನಷ್ಟು ದಪ್ಪದ ಕೆಂಪು ಚಿಗುರುಮೊಗ್ಗು.

“ನಿಮ್ಮವ್ವ ಬಂದ್ಲು ನೋಡು.”

ಅಲ್ಲೇ ಕುಳಿತು ಅತ್ತುಬಿಟ್ಟೆ.

“ಅಳಾದು ಆಮೇಲಿರ್ಲಿ, ಬಿಸ್ಲು ಬತ್ತಾ ಅದೆ. ಮೊದ್ಲು ಓಗಿ ಗರಿ ತತ್ತಾ, ನೆಳ್ಳು ಮಾಡಾವ,” ಎಂದವರು, ನಾನು ತೆಂಗಿನ ಗರಿ ತರುವವರೆಗೆ ಸೆರಗನ್ನು ಗಿಡದ ಮೇಲೆ ಹಿಡಿದು ನಿಂತಿದ್ದರು.