ಡ್ರೈವರಣ್ಣ ಕೊನೆಯ ಸಲ ಓಡಿಸಿದ ಕಾರು

ನಮ್ಮ ಡ್ರೈವರಣ್ಣನ ಬಲಗಾಲಿನ ಅಂಗಾಲು ಹುಣಸೆಹಣ್ಣು ಹಾಕಿ ಉಜ್ಜಿಟ್ಟ ತಂಬಿಗೆಯ ತಳದ ಹಾಗೆ ನುಣುಪಾಗಿತ್ತು. ಎಡಗಾಲೂ ಹಾಗೆಯೇ, ಆದರೆ ಅಷ್ಟಿಲ್ಲ. ಕಾರು ಹತ್ತುವ ಮುಂಚೆ ಚಪ್ಪಲಿ ಬಿಟ್ಟು, ಎರಡನ್ನೂ ಜೋಡಿಸಿ ಸೀಟಿನ ಕೆಳಗೆ ತಳ್ಳಿ, ಬರಿಗಾಲನ್ನು ಪೆಡಲ್ಲಿನ ಮೇಲೆ ಇಟ್ಟ ಮೇಲೆಯೇ ಅವರು ಕನ್ನಡಿ ನೋಡುತ್ತಿದ್ದದ್ದು. ಒಮ್ಮೆ ಕಾರಣ ಕೇಳಿದೆ. "ರೋಡು ಏನ್ ಹೇಳ್ತದೆ ಅಂತ ಕಾಲಿಗೆ ತಿಳೀಬೇಕಲ್ಲ ಅಮ್ಮಣಿ. ಚಪ್ಪಲಿ ಹಾಕ್ಕಂಡ್ರೆ ಕಿವೀಲಿ ಹತ್ತಿ ಇಟ್ಟಂಗೆ" ಎಂದರು.

ನಾನು ಮೈಸೂರು ಕಡೆಯವಳು. ಬಿ.ಎ. ಮುಗಿಸಿ, ತಿರುಪ್ಪೂರಿನಲ್ಲಿ ಬನಿಯನ್ ಕಂಪನಿ ಇಟ್ಟಿದ್ದ ಮನೆಗೆ ಸೊಸೆಯಾಗಿ ಬಂದೆ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಮನೆಯವರ ಕನ್ನಡದಲ್ಲೂ ಅರ್ಧ ತಮಿಳೇ ಆಗಿದ್ದರಿಂದ ಮೊದಲ ಆರು ತಿಂಗಳು ನಾನು ಊಟಕ್ಕೆ ಕರೆದರೋ ಬೈದರೋ ತಿಳಿಯದೆ ತಲೆಯಾಡಿಸುತ್ತಿದ್ದೆ. ಡ್ರೈವರಣ್ಣನೂ ಕನ್ನಡದವರೇ. ಕರುಮತ್ತಂಪಟ್ಟಿಯ ಮಗ್ಗದ ಮನೆಯವರು. ಮಗ್ಗದ ಸದ್ದು ಸಾಕಾಗಿ ಚಿಕ್ಕ ವಯಸ್ಸಿಗೇ ಲಾರಿ ಹತ್ತಿ, ಆಮೇಲೆ ನಮ್ಮ ಮಾವನವರ ಅಂಬಾಸಿಡರ್‌ಗೆ ಬಂದು ಕೂತವರು ಇಪ್ಪತ್ತು ವರ್ಷ ಏಳಲಿಲ್ಲ. ನನ್ನ ಮಾತು ಕೇಳಿದರೆ ಅವರಿಗೆ ನಗು. "ನೀವು ರೇಡಿಯೋ ಮಾತಾಡಿದಂಗೆ ಮಾತಾಡ್ತೀರಿ" ಎನ್ನುವರು. ಕನ್ನಡ ಅಕ್ಷರ ಅವರಿಗೆ ಬರುತ್ತಿರಲಿಲ್ಲ. ತಮಿಳಿನಲ್ಲಿ ರುಜು ಹಾಕುತ್ತಿದ್ದರು, ಅಷ್ಟೆ. ಅದಕ್ಕೇ ಇರಬೇಕು, ಅಚ್ಚಾದ ಕಾಗದ ಎಂದರೆ ಅವರಿಗೆ ವಿಪರೀತ ಮರ್ಯಾದೆ.

ನಮ್ಮ ಮನೆಯಲ್ಲಿ ಒಂದು ಪದ್ಧತಿ ಇತ್ತು. ಯಾವ ಗಾಡಿ ಕೊಳ್ಳುವುದಿದ್ದರೂ ಮೊದಲು ಡ್ರೈವರಣ್ಣ ಅದನ್ನು ಒಂದು ಇಡೀ ದಿನ ಓಡಿಸಬೇಕು. ಮರುದಿನ ಬೆಳಿಗ್ಗೆ ಜಗಲಿಯಲ್ಲಿ ಮಾವನವರ ಎದುರು ನಿಂತು ತೀರ್ಪು ಹೇಳಬೇಕು. ಮಾವನವರು ಕಂಪನಿಯಲ್ಲಿ ಯಾರ ಮಾತಿಗೂ ಸೊಪ್ಪು ಹಾಕದವರು, ಈ ತೀರ್ಪಿಗೆ ಮಾತ್ರ ತುಟಿ ಎರಡು ಮಾಡುತ್ತಿರಲಿಲ್ಲ. ಡ್ರೈವರಣ್ಣನ ತಮಿಳು ಬೆರೆತ ಮಾತಿನಲ್ಲಿ ಯಜಮಾನರು 'ಮೊದಲಾಳಿ', ಗಾಡಿ 'ವಂಡಿ'. ಒಂದು ಸಲ ನನ್ನ ಮೈದುನ ಆಸೆಪಟ್ಟು ತಂದ ವ್ಯಾನನ್ನು ಡ್ರೈವರಣ್ಣ ಕುನ್ನತ್ತೂರಿನವರೆಗೆ ಓಡಿಸಿ ವಾಪಸ್ಸು ತಂದು, "ಬ್ರೇಕ್ ಹಾಕಿದ್ರೆ ಇದು ಯೋಚನೆ ಮಾಡಿ ನಿಲ್ತದೆ ಮೊದಲಾಳಿ" ಎಂದರು. ವ್ಯಾನು ಬಂದ ದಾರಿಗೆ ಸುಂಕವಿಲ್ಲದೆ ಹೋಯಿತು. ಮೈದುನ ಒಂದು ವಾರ ಅವರೊಡನೆ ಮಾತು ಬಿಟ್ಟಿದ್ದ.

ಎಂಬತ್ತರ ದಶಕದ ನಡುವಿನ ಮಾತು. ಕೋಟಗಿರಿಯ ಟೀ ಎಸ್ಟೇಟಿನ ಯಜಮಾನರೊಬ್ಬರು ಹೊರದೇಶದಿಂದ ತರಿಸಿಕೊಂಡಿದ್ದ ದೊಡ್ಡ ಕಾರನ್ನು ಮಾರುವವರಿದ್ದರು. ಬೂದು ಬಣ್ಣ, ತೊಗಲಿನ ಸೀಟು, ಮಾಮೂಲಿ ಕಾರಿನಂತೆ ಎರಡಕ್ಕಲ್ಲ, ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲ. ಜೀಪಿಗೆ ಅಂಥದ್ದು ಇರುತ್ತದೆ ಎಂದು ಕೇಳಿದ್ದೆವು. ಆರಾಮವಾಗಿ ಕಾಲು ಚಾಚಿ ಕೂರುವ ಕಾರಿಗೆ ಅದೇಕೆ ಎಂದು ಊರೆಲ್ಲ ಮಾತಾಡಿಕೊಂಡಿತು. ಎರಡು ದಿನ ಓಡಿಸಿ ನೋಡಿ ಎಂದು ಅವರು ಕಾರನ್ನು ನಮ್ಮ ಮನೆಗೇ ಕಳಿಸಿದರು. ಜೊತೆಗೆ ಇಂಗ್ಲಿಷಿನಲ್ಲಿ ಅಚ್ಚಾದ ಒಂದು ದಪ್ಪ ಪುಸ್ತಕ.

"ಅಮ್ಮಣಿ ಜೊತೇಲಿ ಬರಲಿ ಮೊದಲಾಳಿ. ಬುಕ್ ಬರೆದೋನು ವಂಡಿ ಮಾಡಿದೋನು. ಅವನ ಮಾತು ಕೇಳ್ದೆ ಕೈ ಹಾಕಬಾರದು" ಎಂದರು ಡ್ರೈವರಣ್ಣ. ಮಾವನವರು ನನ್ನತ್ತ ನೋಡಿದರು. ಆ ಮನೆಯಲ್ಲಿ ನನಗಿದ್ದ ಒಂದೇ ಹೆಚ್ಚುಗಾರಿಕೆ ಎಂದರೆ ನಾನು ಓದಿದ ಸೊಸೆ ಎಂಬುದು. ಕಂಪನಿಯ ಇಂಗ್ಲಿಷ್ ಕಾಗದ ಬಂದರೆ ನನ್ನನ್ನು ಕರೆಯುವರು, ಅತ್ತೆ ನೆಂಟರ ಎದುರು ಅದನ್ನು ಹೇಳಿಕೊಳ್ಳುವರು. ಸೀರೆ ಬದಲಾಯಿಸಿ, ಪುಸ್ತಕ ಎದೆಗವಚಿಕೊಂಡು ಹಿಂದಿನ ಸೀಟಿನಲ್ಲಿ ಮಹಾರಾಣಿಯಂತೆ ಕೂತೆ. ಮಾವನವರು ಮುಂದೆ ಕೂತರು. ಕೋಟಗಿರಿಗೇ ಹೋಗಿ ಬರುವುದೆಂದಾಯಿತು; ನನ್ನ ಗಂಡ ಕಂಪನಿ ಕೆಲಸದ ಮೇಲೆ ಆ ತಿಂಗಳು ಊರಲ್ಲಿರಲಿಲ್ಲ, ನಾವು ಮೂವರೇ.

ಅವಿನಾಶಿ ದಾಟಿ ಅನ್ನೂರಿನ ದಾರಿ ಹಿಡಿಯುವವರೆಗೆ ಡ್ರೈವರಣ್ಣ ಪೆಡಲ್ಲಿನ ಮೇಲೆ ಕಾಲು ಬದಲಿಸಿ ಬದಲಿಸಿ ಇಟ್ಟು ನೋಡಿದರು. ಆಮೇಲೆ, "ಇದು ಏನೂ ಹೇಳೋದಿಲ್ಲ" ಎಂದರು. ಏನು ಎಂದರು ಮಾವನವರು. "ಗುಂಡಿ ಬಂತು, ಹೋಯ್ತು. ಕಾಲಿಗೆ ಸುದ್ದಿನೇ ಇಲ್ಲ. ಸ್ಟೀರಿಂಗ್ ಒಂದು ಬೆರಳಲ್ಲಿ ತಿರುಗ್ತದೆ. ಸುಖ ಐತೆ. ಆದ್ರೆ ನನ್ನ ಕೇಳ್ದೆ ಎಲ್ಲ ಅದೇ ನೋಡ್ಕಂತದೆ."

ಮೆಟ್ಟುಪಾಳ್ಯಂ ಬಿಟ್ಟು ಘಾಟಿ ಹತ್ತುವಾಗ ಮಳೆ ಹಿಡಿಯಿತು. ರಸ್ತೆ ತುಂಬ ಕೊಳೆತ ಎಲೆ, ಕೆಂಪು ಕೆಸರು. ಎದುರಿನಲ್ಲಿ ಒಂದು ಅಂಬಾಸಿಡರ್ ತಿರುವಿನಲ್ಲಿ ಚಕ್ರ ಜಾರಿ ಒದ್ದಾಡುತ್ತಿತ್ತು. ನಾವು ಅದರ ಪಕ್ಕದಲ್ಲೇ ಒಂದಿಷ್ಟೂ ಅಲುಗದೆ ಹತ್ತಿಹೋದೆವು. ಡ್ರೈವರಣ್ಣನ ಮುಖ ಅರಳಿದ್ದನ್ನು ಕನ್ನಡಿಯಲ್ಲಿ ಕಂಡೆ. "ನಾಲ್ಕು ಕಾಲಲ್ಲೂ ನೆಲ ಕಚ್ತದೆ ಮೊದಲಾಳಿ! ಹಿಂದಿನದು ತಳ್ತದೆ, ಮುಂದಿನದು ಎಳೀತದೆ!" ಇಪ್ಪತ್ತು ವರ್ಷ ಅಂಬಾಸಿಡರ್‌ನೊಡನೆ ಹೆಣಗಿದ ಮನುಷ್ಯ ಅವತ್ತು ತಿರುವು ತಿರುವಿಗೂ ನಗುತ್ತಿದ್ದರು. ಅಷ್ಟು ಸಂತೋಷವಾಗಿ ಅವರನ್ನು ನಾನು ಆಮೇಲೆ ನೋಡಲಿಲ್ಲ.

ಎಸ್ಟೇಟಿನಲ್ಲಿ ಊಟ ಮುಗಿಸಿ ಇಳಿಯಲು ಹೊರಟಾಗ ಮಳೆ ನಿಂತಿತ್ತು. ಎರಡನೇ ತಿರುವಿಗೇ ಮಾವನವರು ಬಾಯಿ ತೆರೆದು ನಿದ್ದೆ ಹೋದರು.

ಇಲ್ಲಿ ಒಂದು ವಿಷಯ ಹೇಳಬೇಕು. ಆಗ ಆ ಕಡೆಯ ಡ್ರೈವರುಗಳೆಲ್ಲ ಘಾಟಿ ಇಳಿಯುವಾಗ ಗೇರು ತಪ್ಪಿಸಿ, ಎಂಜಿನ್ ಆರಿಸಿ, ಬ್ರೇಕಿನ ಮೇಲೆಯೇ ಕಾರು ಇಳಿಸುತ್ತಿದ್ದರು. ಪೆಟ್ರೋಲ್ ಉಳಿಯಿತು ಎಂದು ಅವರಿಗೆ ಹೆಮ್ಮೆ, ಕೂತ ಯಜಮಾನರಿಗೆ ಇನ್ನೂ ಹೆಮ್ಮೆ. 'ಕೋಟಗಿರಿಯಿಂದ ಕೆಳಗಿನವರೆಗೆ ಒಂದು ತೊಟ್ಟು ಎಣ್ಣೆ ಕುಡಿಸಲಿಲ್ಲ' ಎಂದು ನಮ್ಮ ಮಾವನವರು ಮದುವೆ ಮನೆಗಳಲ್ಲಿ ಹೇಳಿಕೊಂಡದ್ದನ್ನು ನಾನೇ ಕೇಳಿದ್ದೇನೆ. ಅಂಬಾಸಿಡರ್‌ನಲ್ಲಿ ಅದು ನಡೆಯುತ್ತಿತ್ತು.

ಡ್ರೈವರಣ್ಣ ಕೈಯನ್ನು ಕೀಯ ಹತ್ತಿರ ಒಯ್ದು ನಿಲ್ಲಿಸಿದರು. "ಅಮ್ಮಣಿ, ಇಳಿಜಾರಲ್ಲಿ ಎಂಜಿನ್ ಆಫ್ ಮಾಡೋದಕ್ಕೆ ಬುಕ್ ಏನ್ ಹೇಳ್ತದೆ ನೋಡಿ."

ನನ್ನ ತೊಡೆಯ ಮೇಲೆ ಪುಸ್ತಕ ತೆರೆದೇ ಇತ್ತು. ನಾನು ಓದುತ್ತಿದ್ದದ್ದು ಟೇಪ್ ರೆಕಾರ್ಡರಿನ ಪುಟ. ಸಣ್ಣ ಅಕ್ಷರ ಹುಡುಕುವುದಕ್ಕೆ ಸೋಮಾರಿತನ. ಗೊತ್ತಿಲ್ಲ ಎನ್ನುವುದಕ್ಕೆ ಜಂಬ.

"ಏನೂ ಇಲ್ಲ" ಎಂದೆ.

"ಸರಿಯಾಗಿ ನೋಡಿದ್ರಾ?"

"ನೋಡಿದೆ ಡ್ರೈವರಣ್ಣ. ಎಲ್ಲ ಮಾಮೂಲೇ."

ಅವರು ಗೇರು ತಪ್ಪಿಸಿ ಕೀ ತಿರುಗಿಸಿದರು. ಒಳಗೆ ಸದ್ದೇ ಇಲ್ಲ, ಚಕ್ರಕ್ಕೆ ನೀರು ಸಿಡಿಯುವುದು ಮಾತ್ರ ಕೇಳುತ್ತಿತ್ತು. ಒಂದು ಸಣ್ಣ ತಿರುವು ಹೇಗೋ ಕಳೆಯಿತು. ಎರಡನೆಯದಕ್ಕೆ ಅವರ ಭುಜ ಒಮ್ಮೆಲೇ ಬಿಗಿಯಾಯಿತು. ಬೆರಳಲ್ಲಿ ತಿರುಗುತ್ತಿದ್ದ ಸ್ಟೀರಿಂಗನ್ನು ಎರಡೂ ಕೈಯಲ್ಲಿ ಎಳೆಯುತ್ತಿದ್ದಾರೆ, ಅದು ಬರುತ್ತಿಲ್ಲ. ಕಾಲಲ್ಲಿ ಬ್ರೇಕು ತುಳಿದರು. ಮತ್ತೆ ತುಳಿದರು. ಸೀಟಿನಿಂದ ಎದ್ದು ನಿಂತು ತುಳಿದ ಹಾಗೆ ತುಳಿದರು. ಕಾರು ನಿಲ್ಲಲಿಲ್ಲ. ಬಲಕ್ಕೆ ಕೊಳ್ಳ, ಎಡಕ್ಕೆ ಗುಡ್ಡ. ಕೆಳಗಿನಿಂದ ಬಸ್ಸಿನ ಹಾರನ್ ಕೇಳಿಸಿತು.

"ಅಮ್ಮಣಿ, ಕೆಳಗೆ ಕೂರಿ" ಎಂದರು. ಕೂಗಲಿಲ್ಲ. ಟೀ ತಗೊಳ್ಳಿ ಎನ್ನುವ ದನಿಯಲ್ಲೇ ಹೇಳಿದರು. ಎಡಗೈಯಿಂದ ಹ್ಯಾಂಡ್‌ಬ್ರೇಕ್ ಎಳೆದು, ಮೈಯ ಭಾರವನ್ನೆಲ್ಲ ಹಾಕಿ ಕಾರನ್ನು ಗುಡ್ಡದ ಕಡೆಗೆ ಒಗೆದರು. ಕಲ್ಲಿಗೆ ತಗಡು ಉಜ್ಜುವ ಸದ್ದು ಎಷ್ಟು ಹೊತ್ತು ಕೇಳಿತೋ, ಮುಗಿಯುವುದೇ ಇಲ್ಲ ಎನ್ನಿಸಿತು. ಎಡ ಚಕ್ರ ಚರಂಡಿಗೆ ಬಿದ್ದು ಕಾರು ನಿಂತಿತು. ಬಸ್ಸು ನಮ್ಮ ಕಿಟಕಿಗೆ ತಾಗಿಕೊಂಡ ಹಾಗೆ ಹತ್ತಿಹೋಯಿತು.

ಯಾರಿಗೂ ಪೆಟ್ಟಾಗಲಿಲ್ಲ. ಮಾವನವರ ಕನ್ನಡಕ ಒಡೆದಿತ್ತು. ಕಾರಿನ ಎಡ ಮಗ್ಗುಲು ಪೂರ್ತಿ ಹೋಗಿ, ಮುಂದಿನ ದೀಪ ತೂಗಾಡುತ್ತಿತ್ತು. ನಮ್ಮದೂ ಅಲ್ಲದ ಕಾರು. ಡ್ರೈವರಣ್ಣ ಇಳಿದು ಬರಿಗಾಲಲ್ಲಿ ಕೆಸರಿನಲ್ಲಿ ನಿಂತರು. ನಾನು ನೋಡುತ್ತಿರುವುದನ್ನು ಕಂಡು ಕೈಗಳನ್ನು ಜೇಬಿಗೆ ಹಾಕಿಕೊಂಡರು.

ದಾರಿಹೋಕರೆಲ್ಲ ಸೇರಿ ಚಕ್ರವನ್ನು ಚರಂಡಿಯಿಂದ ಎತ್ತುವಾಗ ನಾನು ರಸ್ತೆ ಬದಿಯ ಕಲ್ಲಿನ ಮೇಲೆ ಕೂತು ಪುಸ್ತಕ ತೆರೆದೆ. ಹುಡುಕಬೇಕಾಗಿಯೂ ಇರಲಿಲ್ಲ. ಚೌಕ ಹಾಕಿ, ದಪ್ಪ ಅಕ್ಷರದಲ್ಲಿ ಬರೆದಿದ್ದರು: ಓಡುವಾಗ ಎಂಜಿನ್ ಆರಿಸಬೇಡಿ, ಬ್ರೇಕಿಗೂ ಸ್ಟೀರಿಂಗಿಗೂ ಬಲ ಹೋಗುವುದು ಎಂಜಿನ್ನಿನಿಂದಲೇ. ಪುಸ್ತಕ ಮುಚ್ಚಿ ತಲೆಯೆತ್ತಿದರೆ ಡ್ರೈವರಣ್ಣ ನನ್ನ ಮುಖವನ್ನೇ ನೋಡುತ್ತಿದ್ದರು.

ಮರುದಿನ ಬೆಳಿಗ್ಗೆ ಜಗಲಿಯಲ್ಲಿ ತೀರ್ಪು. ಮಾವನವರು, ಮೈದುನ, ಬಾಗಿಲ ಮರೆಯಲ್ಲಿ ಅತ್ತೆ, ಕಂಬದ ಹತ್ತಿರ ನಾನು. ಎಸ್ಟೇಟಿನವರಿಗೆ ಮುಖ ತೋರಿಸಬೇಕಲ್ಲ, ಕಾರನ್ನು ನಾವೇ ಇಟ್ಟುಕೊಳ್ಳುವುದೆಂದು ರಾತ್ರಿಯೇ ತೀರ್ಮಾನವಾಗಿತ್ತು. ಆದರೂ ಡ್ರೈವರಣ್ಣ ಎಂದಿನಂತೆ ಕೈಕಟ್ಟಿ ನಿಂತು ಹೇಳಿದರು: "ಒಳ್ಳೇ ವಂಡಿ ಮೊದಲಾಳಿ. ಮಳೇಲಿ ಇಂಥದ್ದು ಇನ್ನೊಂದಿಲ್ಲ. ಎಂಜಿನ್ ಆಫ್ ಮಾಡಿ ಇಳಿಸಿದ್ದು ನನ್ನ ತಪ್ಪು, ಅದರದ್ದು ಏನೂ ಇಲ್ಲ."

"ಎಂಜಿನ್ ಆರಿಸಬಾರದು ಅಂತ ಬುಕ್ಕಲ್ಲಿ ಇರಲಿಲ್ಲವಾ?" ಎಂದು ಮಾವನವರು ನನ್ನ ಕಡೆ ತಿರುಗಿದರು.

ನಾನು ಬಾಯಿ ತೆರೆಯುವ ಮುಂಚೆ ಡ್ರೈವರಣ್ಣ ಹೇಳಿಬಿಟ್ಟರು. "ಇತ್ತುಂಗ. ಅಮ್ಮಣಿ ಓದಿ ಹೇಳಿದ್ರು. ಹಳೇ ಕೈ, ನಾನೇ ಕೇಳಲಿಲ್ಲ."

"ಹೇಳಿದ ಮೇಲೂ ಮಾಡಿದೆಯಾ?"

"ಆಮಾಂಗ" ಎಂದು ಹೌದೆನ್ನುವಂತೆ ತಲೆಯಾಡಿಸಿದರು.

"ಹಾಗಾದರೆ ಮನೆ ಮಕ್ಕಳನ್ನ ನಿನ್ನ ಕೈಲಿ ಹೇಗಪ್ಪಾ ಕೊಡಲಿ?" ಎಂದರು ಮಾವನವರು. ಡ್ರೈವರಣ್ಣ ಅಂಬಾಸಿಡರ್ ಕೀಯನ್ನು ಜಗಲಿಯ ಮೇಲಿಟ್ಟು, ಗೇಟಿನ ಬಳಿ ಚಪ್ಪಲಿ ಮೆಟ್ಟಿಕೊಂಡು, ಬಸ್ ಸ್ಟ್ಯಾಂಡಿನ ಕಡೆ ನಡೆದರು. ನಾನು ಕಂಬ ಹಿಡಿದುಕೊಂಡೇ ನಿಂತಿದ್ದೆ. ಅವತ್ತು ಬಾಯಿ ಬಿಟ್ಟಿದ್ದರೆ ಏನಾಗುತ್ತಿತ್ತು? ಓದಿದ ಸೊಸೆ ಎಂಬ ಹೆಸರು ಹೋಗುತ್ತಿತ್ತು, ಅಷ್ಟೇ. ಅಷ್ಟಕ್ಕೆ ಸುಮ್ಮನಿದ್ದೆ. ಈಗ ಬರೆಯುವಾಗಲೂ ನನ್ನ ಮೇಲೆ ನನಗೆ ಹೇಸಿಗೆಯಾಗುತ್ತದೆ.

ಒಂಬತ್ತು ದಿನ ಸುಮ್ಮನಿದ್ದೆ. ಹೊಸ ಡ್ರೈವರ್ ನಾಳೆ ಬರುತ್ತಾನೆ ಎಂದು ಮೈದುನ ಊಟದ ಹೊತ್ತಿನಲ್ಲಿ ಹೇಳಿದ. ಮಾವನವರಿಗೆ ಮಜ್ಜಿಗೆ ಬಡಿಸುತ್ತಿದ್ದವಳು ಸೌಟು ಕೆಳಗಿಟ್ಟು ನಡೆದದ್ದನ್ನೆಲ್ಲ ಹೇಳಿದೆ. ಡ್ರೈವರಣ್ಣ ಎರಡು ಸಲ ಕೇಳಿದ್ದು, ನಾನು ಪುಟವನ್ನೂ ತಿರುಗಿಸದೆ ಎರಡು ಸಲ ಸುಳ್ಳು ಹೇಳಿದ್ದು. ಮಾವನವರು ಎಲೆಯ ಮುಂದಿನಿಂದ ಎದ್ದು ಕೈತೊಳೆದು, "ಹೊರಡಮ್ಮಾ, ಕರುಮತ್ತಂಪಟ್ಟಿಗೆ ಹೋಗೋಣ" ಎಂದರು.

ಅವರ ಮನೆ ಬೀದಿಯ ತುಂಬ ಮಗ್ಗದ ಸದ್ದು. ಡ್ರೈವರಣ್ಣ ತಮ್ಮನ ಮಗ್ಗದಲ್ಲಿ ನೂಲು ಸುತ್ತುತ್ತಿದ್ದರು. ಮಾವನವರು ತಪ್ಪಾಯಿತು ಎಂದು ಹೇಳುವ ಜಾತಿಯವರಲ್ಲ. ತಾವೇ ಓಡಿಸಿಕೊಂಡು ಬಂದಿದ್ದ ಅಂಬಾಸಿಡರ್‌ನ ಕೀಯನ್ನು ಜೇಬಿನಿಂದ ತೆಗೆದು ಚಾಚಿದರು. "ಬಾಪ್ಪಾ. ಸೊಸೆ ಎಲ್ಲ ಹೇಳಿದಳು."

ಡ್ರೈವರಣ್ಣ ಕೀ ಮುಟ್ಟಲಿಲ್ಲ. "ಬೇಡ ಮೊದಲಾಳಿ. ಅವತ್ತು ಬ್ರೇಕ್ ತುಳಿದ್ರೆ ಕಲ್ಲು ತುಳಿದಂಗಾಯ್ತಲ್ಲ, ಅದು ಕಾಲಿಂದ ಹೋಗ್ತಿಲ್ಲ. ಮೊನ್ನೆ ತಮ್ಮನ ವ್ಯಾನ್ ಮುಟ್ಟಿ ನೋಡಿದೆ. ಮೈಯೆಲ್ಲ ಬೆವರು. ಭಯ ಬಂದೋನು ವಂಡಿಗೆ ಕೂರಬಾರದು."

ಮಾವನವರು ಎಷ್ಟೋ ಹೇಳಿದರು. ಆಮೇಲೆ ಹೊರಗೆ ಹೋಗಿ ಕಾರಿನಲ್ಲಿ ಕೂತರು. ನಾನು ಅಲ್ಲೇ ಉಳಿದೆ.

"ನನ್ನ ಹೆಸರು ಯಾಕೆ ಹೇಳಲಿಲ್ಲ ಡ್ರೈವರಣ್ಣ?"

"ನನಗೆ ಹೋಗೋಕೆ ಈ ಮನೆ ಐತೆ. ನೀವು ಬೇರೆ ಊರಿಂದ ಬಂದೋರು. ಆ ಮನೇಲಿ ಮುಖ ಬಾಡಿದ್ರೆ ಎಲ್ಲಿಗೆ ಹೋಗ್ತೀರಿ?"

ನಾನು ಅಳುತ್ತಾ, "ನಿಮ್ಮ ಕೈಯಿಂದ ಕಾರು ಹೋದದ್ದು ನನ್ನಿಂದಲೇ ಅಲ್ಲವಾ?" ಎಂದೆ. ಇಲ್ಲ ಬಿಡಿ, ಹಣೆಬರಹ, ಎಂದು ಏನಾದರೂ ಹೇಳುತ್ತಾರೆ ಎಂದು ಒಳಗೊಳಗೇ ಕಾದಿದ್ದೆ.

"ಹೌದು ಅಮ್ಮಣಿ, ನಿಮ್ಮಿಂದಲೇ" ಎಂದರು. ಕೋಪವೇನೂ ಇರಲಿಲ್ಲ. ಅಂಬಾಸಿಡರ್‌ಗೋ ವ್ಯಾನಿಗೋ ತೀರ್ಪು ಕೊಟ್ಟ ಹಾಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಆಮೇಲೆ ಒಳಗೆ ತಿರುಗಿ ಹೆಂಡತಿಗೆ ಕಾಫಿ ಇಡಲು ಹೇಳಿದರು.

ಅವರು ಆಮೇಲೆ ಹನ್ನೊಂದು ವರ್ಷ ಬದುಕಿದರು. ದೀಪಾವಳಿಗೆ ತಪ್ಪದೆ ಹೋಗುತ್ತಿದ್ದೆ, ನನ್ನ ಮಕ್ಕಳನ್ನು ಕೂರಿಸಿಕೊಂಡು ಮಾತಾಡಿಸುವರು, ನನ್ನ ರೇಡಿಯೋ ಮಾತಿಗೆ ನಗುವರು. ಒಮ್ಮೆಯೂ ಆ ಮಾತು ಎತ್ತಲಿಲ್ಲ. ನಾನು ಅದನ್ನು ಕ್ಷಮೆ ಎಂದುಕೊಂಡು ಹಾಯಾಗಿದ್ದೆ. ಅವರು ತೀರಿಕೊಂಡ ಮೂರನೆಯ ದಿನ ಅವರ ಹೆಂಡತಿ ನನ್ನ ಪಕ್ಕ ಕೂತು ಏನೇನೋ ನೆನೆಸಿಕೊಳ್ಳುತ್ತಾ ಹೇಳಿದರು: ಆ ಘಾಟಿಯಿಂದ ಬಂದ ಮೇಲೆ ಇಷ್ಟು ವರ್ಷವೂ ಬಸ್ಸು ಹತ್ತಿದರೆ ಅವರು ಕಡೆಯ ಸೀಟಿಗೆ ಹೋಗಿ, ಇಳಿಯುವ ಊರು ಬರುವವರೆಗೂ ಕಣ್ಣು ಮುಚ್ಚಿ ಹೆಂಡತಿಯ ಕೈ ಹಿಡಿದುಕೊಂಡೇ ಕೂರುತ್ತಿದ್ದರಂತೆ.