ಪಕ್ಕದ ನಂಬರು

ನನ್ನ ತಂಗಿ ಬಸುರಿ ಎಂಬ ಸುದ್ದಿ ನನಗೆ ತಿಳಿದದ್ದು ಅವಳ ಪಕ್ಕದ ಮನೆಯವರಿಂದ. ಕಡೂರಿನ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮುಗಿಸಿ ಆಗಷ್ಟೇ ಬಂದು ಕೂತಿದ್ದೆ, ಫೋನು ಬಂತು.

"ಏನ್ ಮೇಡಮ್ಮೋರೆ, ಇಂಥಾ ಸಿಹಿ ಸುದ್ದೀನ ಮುಚ್ಚಿಟ್ಕಂಡು ಕೂತಿದೀರಲ್ಲಾ! ಬೀದಿಗೆಲ್ಲ ನಾನೇ ಸಕ್ಕರೆ ಹಂಚ್ದೆ ಕಣ್ರೀ," ಎಂದರು ಆ ಹಿರಿಯ ಹೆಂಗಸು. ಅವರ ದನಿಯಲ್ಲಿ ಸಂತೋಷ ತುಂಬಿ ತುಳುಕುತ್ತಿತ್ತು.

ನನಗೆ ಸಂತೋಷವಾಗಲಿಲ್ಲ, ಸಿಟ್ಟು ಬಂತು. ಮೂಗಿನ ತುದಿಯಲ್ಲೇ ಕೋಪ ಎಂದು ಅಮ್ಮ ನನ್ನನ್ನು ಬೈಯುತ್ತಿದ್ದದ್ದು ಸುಳ್ಳಲ್ಲ. ಬೀರೂರಿನಲ್ಲಿರುವ ತಂಗಿಗೆ ತಕ್ಷಣ ಫೋನು ಹಚ್ಚಿ, "ಒಡಹುಟ್ಟಿದೋಳಿಗೆ ಹೇಳೋಕಾಗ್ಲಿಲ್ಲ, ಬೀದಿಗೆಲ್ಲಾ ಡಂಗುರ ಹೊಡ್ದಿದೀಯಲ್ಲೇ," ಎಂದು ಕೂಗಾಡಿದೆ. ಅವಳು ಮೆಲ್ಲಗೆ ಹೇಳಿದಳು: "ನಾನು ಯಾರ್ಗೂ ಹೇಳಿಲ್ಲ ಕಣಕ್ಕಾ. ನಮ್ಮೆಜಮಾನ್ರಿಗೆ ಬಿಟ್ರೆ ಯಾರ್ಗೂ ಗೊತ್ತಿರ್ಲಿಲ್ಲ."

ನಮ್ಮ ಕಡೆ ಮೂರು ತಿಂಗಳು ತುಂಬುವವರೆಗೆ ಬಸುರಿನ ವಿಷಯ ಬಾಯಿಬಿಡುವುದಿಲ್ಲ. ಅವಳಿಗಂತೂ ಹಿಂದೆ ಎರಡು ಸಲ ನಿಂತದ್ದು ಹೋಗಿತ್ತು. ಹಾಗಾದರೆ ಸುದ್ದಿ ಹೊರಗೆ ಹೋದದ್ದು ಹೇಗೆ? ಆವತ್ತೇ ಸಂಜೆ ಬಸ್ಸು ಹತ್ತಿ ಬೀರೂರಿಗೆ ಹೋದೆ. ತಂಗಿಯ ಮನೆಗೆ ಕಾಲಿಡುವ ಮೊದಲು ಪಕ್ಕದ ಮನೆಗೆ ನುಗ್ಗಿದೆ, ಜಗಳಕ್ಕೆ ಸಿದ್ಧಳಾಗಿಯೇ.

ಅವರು ನನ್ನನ್ನು ಕೂರಿಸಿ, ಕೊಬ್ಬರಿ ಮಿಠಾಯಿ ಮುಂದಿಟ್ಟು, ಮುಚ್ಚುಮರೆಯಿಲ್ಲದೆ ಎಲ್ಲವನ್ನೂ ಹೇಳಿದರು. ಸಕ್ಕರೆ ಕಾಯಿಲೆಯ ಪರೀಕ್ಷೆಗೆಂದು ಅವರು ಲ್ಯಾಬಿಗೆ ಹೊರಟಾಗ ತಂಗಿಯೂ ಅದೇ ಆಟೋದಲ್ಲಿ ಹೋಗಿದ್ದಳು. ಸುಸ್ತು, ರಕ್ತ ಕಡಿಮೆ ಇರಬೇಕು ಎಂದಿದ್ದಳಂತೆ. ಹುಡುಗಿಯ ಮುಖ ಬಿಳಿಚಿಕೊಂಡಿದ್ದು ಕಂಡು ಇವರಿಗೆ ಒಂದೇ ಯೋಚನೆ. ಮಾರನೆಯ ದಿನ ತಮ್ಮ ರಿಪೋರ್ಟ್ ನೋಡಲು ಲ್ಯಾಬಿನ ವೆಬ್‌ಸೈಟಿಗೆ ಹೋಗಿದ್ದಾರೆ. ವಿಳಾಸದ ಕೊನೆಯಲ್ಲಿ ಅವರ ನಂಬರು ಇತ್ತು. ಅದರ ಹಿಂದಿನ ನಂಬರು, ಅವರಿಗಿಂತ ಮೊದಲು ರಕ್ತ ಕೊಟ್ಟಿದ್ದ ತಂಗಿಯದು.

"ಒಂದು ನಂಬರ್ ಹಿಂದಕ್ಕೆ ಹಾಕ್ದೆ, ಅವ್ಳ ರಿಪೋರ್ಟ್ ಬಂತು, ಬಸುರಿ ಅಂತ. ನಂದೇ ಖಾತೆ, ನಂದೇ ಪಾಸ್‌ವರ್ಡು, ಕದ್ದು ನೋಡಿದ್ನಾ? ಪಹಣಿ ನೋಡಾಕಿಲ್ವಾ ಮೇಡಮ್ಮೋರೆ? ಪಕ್ಕದ ಸರ್ವೆ ನಂಬರ್ ಹಾಕಿದ್ರೆ ಪಕ್ಕದೋರ ತೋಟದ್ದೂ ಬತ್ತದೆ. ಇದೂ ಹಂಗೇ ಅಂದ್ಕಂಡೆ."

ಆ ವೆಬ್‌ಸೈಟ್ ಮಾಡಿಕೊಟ್ಟವಳು ನಾನು.

ಲ್ಯಾಬಿನ ಯಜಮಾನರು ನನ್ನ ಸಹಪಾಠಿ. ಜನ ರಿಪೋರ್ಟಿಗಾಗಿ ಹಳ್ಳಿಗಳಿಂದ ಎರಡೆರಡು ಸಲ ಬಸ್ಸು ಹತ್ತುತ್ತಾರೆ, ಏನಾದರೂ ಮಾಡಿ ಎಂದು ಕೇಳಿದ್ದರು. ಬೇಸಿಗೆ ರಜೆಯಲ್ಲಿ ಕೂತು, ಹೆಮ್ಮೆಯಿಂದಲೇ ಮಾಡಿಕೊಟ್ಟಿದ್ದೆ. ಒಳಗೆ ಬರುವವರು ಯಾರು ಎಂದು ಆ ಸೈಟು ಕೇಳುತ್ತಿತ್ತು. ಒಮ್ಮೆ ಒಳಗೆ ಬಂದವರು ಕೈಹಾಕಿದ್ದು ಅವರದೇನಾ ಎಂದು ಕೇಳುತ್ತಿರಲಿಲ್ಲ. ಇದೇ ವ್ಯತ್ಯಾಸವನ್ನು ನಾನು ವರ್ಷ ವರ್ಷ ಬೋರ್ಡಿನ ಮೇಲೆ ಬರೆದು ಪಾಠ ಮಾಡುತ್ತೇನೆ: ನೆಂಟರನ್ನು ಒಳಗೆ ಕರೆದು ಚಾಪೆ ಹಾಕುತ್ತೀರಿ, ಹಾಗಂತ ಅವರು ನಿಮ್ಮ ಬೀರು ತೆಗೆಯಬಹುದಾ? ಮಕ್ಕಳು ನಗುತ್ತಾರೆ. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ.

ಜಗಳಕ್ಕೆ ಹೋದವಳು ಮಿಠಾಯಿ ತಿಂದು ಎದ್ದು ಬಂದೆ. ತಪ್ಪು ಅವರದೆಂದು ಹೇಳಲು ನಾಲಿಗೆ ಏಳಲಿಲ್ಲ. ತಪ್ಪು ನನ್ನದೆಂದು ಹೇಳಲೂ ಏಳಲಿಲ್ಲ, ಅದಕ್ಕೇ ಈಗಲೂ ಹೆಚ್ಚು ನಾಚಿಕೆ.

ಲ್ಯಾಬಿನವರಿಗೆ ಹೇಳಿ ಸೈಟು ಮುಚ್ಚಿಸಿದೆ. 'ಈ ರಿಪೋರ್ಟ್ ಈ ಖಾತೆಯದೇನಾ' ಎಂದು ಕೇಳುವ ಒಂದೇ ಒಂದು ಸಾಲು ಬಿಟ್ಟುಹೋಗಿತ್ತು. ಅದನ್ನು ಸೇರಿಸಿ, ಪರೀಕ್ಷಿಸಿ, ಮತ್ತೆ ತೆರೆದೆ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ. ತಂಗಿಯ ಮುಂದೆ ಮಾತ್ರ ಎಲ್ಲವನ್ನೂ ಒಪ್ಪಿಕೊಂಡೆ. ಅವಳು ಬೈದಿದ್ದರೆ ಚೆನ್ನಾಗಿತ್ತು. "ಹೋಗ್ಲಿ ಬಿಡಕ್ಕ, ಬೇಕಂತ ಮಾಡಿದ್ಯಾ," ಎಂದಳು.

ಆ ಬೀದಿಯವರು ಒಳ್ಳೆಯವರು. ಒಬ್ಬರು ಮಾವಿನಕಾಯಿ ತಂದರು, ಒಬ್ಬರು ಒಬ್ಬಟ್ಟು ಮಾಡಿ ಕಳಿಸಿದರು. ಮೇಲಿನ ಬೀದಿಯ ಸಾಬರ ಮನೆಯಾಕೆ ಖರ್ಜೂರ ಕೊಟ್ಟು, ಭಾರ ಎತ್ತಬೇಡ ಎಂದು ಹೇಳಿ ಹೋದರು. ತಂಗಿ ಎಲ್ಲರಿಗೂ ಕಾಫಿ ಕೊಟ್ಟು ನಗುತ್ತಿದ್ದಳು. ಆ ನಗುವಿನಲ್ಲಿದ್ದ ಹೆದರಿಕೆ ನನಗೊಬ್ಬಳಿಗೇ ಕಾಣುತ್ತಿತ್ತು.

ಮೂರು ತಿಂಗಳು ತುಂಬಲಿಲ್ಲ. ಅದೂ ಹೋಯಿತು.

ಅದಕ್ಕೂ ವೆಬ್‌ಸೈಟಿಗೂ ಸಂಬಂಧವಿಲ್ಲ, ಡಾಕ್ಟರು ಹೇಳಿದ ಕಾರಣ ಬೇರೆ. ಆದರೆ ಸಿಹಿ ತಿಂದವರಿಗೆಲ್ಲ ಈಗ ಕಹಿಯನ್ನೂ ಹೇಳಬೇಕಲ್ಲ. ಮತ್ತೆ ಎಲ್ಲರೂ ಬಂದರು. ಪಕ್ಕದ ಮನೆಯವರಂತೂ ತಂಗಿಯ ಕೈ ಹಿಡಿದು, ನನ್ನ ಕಣ್ಣೇ ತಾಕಿತೇನೋ ಎಂದು ಗೋಳಾಡಿದರು. ಅವರನ್ನು ಸಮಾಧಾನ ಮಾಡಿದವಳೂ ತಂಗಿಯೇ. ನಾನು ಅಲ್ಲೇ ಗೋಡೆಗೆ ಒರಗಿ ನಿಂತಿದ್ದೆ.

ಎಲ್ಲರೂ ಹೋದ ಮೇಲೆ ಅವಳು ಲೋಟ ಎತ್ತಿಡುತ್ತಾ ಹೇಳಿದಳು: "ಹಿಂದಿನ ಎರಡು ಸಲಾನೂ ಬಂದೋರ್ಗೆಲ್ಲಾ ಕಾಫಿ ಕೊಟ್ಟೂ ಕೊಟ್ಟೂ ಸಾಕಾಗಿತ್ತು ಕಣಕ್ಕಾ. ಇದೊಂದು ಸಲ, ಹೋದ್ರೂ ಒಬ್ಳೇ ಕೂತು ಅತ್ಕಬೋದು ಅಂತ ಯಾರ್ಗೂ ಹೇಳಿರ್ಲಿಲ್ಲ. ನಿಂಗೂ."

ಗೇಟಿನ ಸದ್ದಾಯಿತು. ಮತ್ಯಾರೋ ಬಂದಿದ್ದರು. ನಾನು ಓಡಿಹೋಗಿ ಬಾಗಿಲ ಚಿಲಕಕ್ಕೆ ಕೈ ಹಾಕಿದೆ. ಅವಳು ಮಲಗಿದ್ದಾಳೆ, ನಾಳೆ ಬನ್ನಿ ಎಂದು ಹೇಳಿ ಕಳಿಸಬೇಕೆಂದಿದ್ದೆ.

"ಈಗ್ಯಾಕೆ ಬಿಡಕ್ಕಾ," ಎಂದು ತಂಗಿ ಸೆರಗಿನಿಂದ ಮುಖ ಒರೆಸಿಕೊಂಡಳು. "ಒಳಕ್ಕೆ ಕರಿ. ಹಾಲಿಡ್ತೀನಿ."