ಲಾರಿಗೆ ಅರಿಶಿನ ಕುಂಕುಮ

ನಾನು ಯಾರ ಮನೆ ಬಾಗಿಲಲ್ಲೂ ನಿಂತು ಏನನ್ನೂ ಕೇಳಿದವನಲ್ಲ. ಬಾಯಿ ಜೋರು, ಮೂಗಿನ ತುದಿಯಲ್ಲೇ ಕೋಪ. ಅಂಥವನು ಒಂದು ಸಂಜೆ ಕಂಪಲಾಪುರದ ಆಚೆ, ಹಿಡಿ ಅರಿಶಿನಕ್ಕಾಗಿ ಕೈಯೊಡ್ಡಿ ನಿಂತಿದ್ದೆ.

ತೊಂಬತ್ತರ ದಶಕದ ಕೊನೆಯ ಮಾತು. ಕೊಪ್ಪದಲ್ಲಿ ಲಾರಿಗೆ ಮುಸುಕಿನ ಜೋಳದ ಮೂಟೆ ತುಂಬಿಕೊಂಡು ಮೈಸೂರಿಗೆ ಹೊರಟಿದ್ದೆ. ಕ್ಲೀನರ್ ಯಾರದೋ ಮದುವೆಗೆ ಹೋಗಿದ್ದರಿಂದ ನಾನೊಬ್ಬನೇ. ಪಿರಿಯಾಪಟ್ಟಣ ದಾಟುವಾಗಲೇ ಟೆಂಪರೇಚರ್ ಮುಳ್ಳು ಮೇಲೇರತೊಡಗಿತ್ತು. ಕಂಪಲಾಪುರ ಕಳೆಯುತ್ತಲೇ ಕೆಂಪು ಗೆರೆ ಮುಟ್ಟಿತು. ಇಳಿದು ನೋಡಿದರೆ ರೇಡಿಯೇಟರ್ ಬುಡದಿಂದ ನೀರು ಸಣ್ಣ ದಾರದಂತೆ ಸುರಿಯುತ್ತಿದೆ.

ಹಿಂದಿನ ವರ್ಷ ಹೊಸ ಅಗ್ರಹಾರದ ಹತ್ತಿರವೂ ಹೀಗೇ ಆಗಿತ್ತು. ‘ಇನ್ನೇನು ನಾಲ್ಕು ಮೈಲಿ’ ಎಂದು ಹಟ ಹಿಡಿದು ಓಡಿಸಿ ಎಂಜಿನ್ ಜಾಮ್ ಮಾಡಿಕೊಂಡಿದ್ದೆ. ಮಾಲೀಕರು ಕೂಗಾಡಿದ್ದರೆ ನಾನೂ ಕೂಗಾಡಿ ಹಗುರಾಗುತ್ತಿದ್ದೆ. ಅವರು “ಇನ್ನೊಂದ್ ಸಲ ಇಂಗಾದ್ರೆ ಕೀ ಮಡಗ್ಬುಟ್ಟು ಓಗಪ್ಪ” ಅಂದರು, ಅಷ್ಟೆ. ಸ್ಟೇರಿಂಗ್ ಹಿಡಿಯುವುದು ಬಿಟ್ಟರೆ ನನಗೆ ಬೇರೇನೂ ಬಾರದು. ಈ ಸಲ ಎಂಜಿನ್ ಹೋದರೆ ನಾನೂ ಹೋದಂತೆಯೇ ಎಂದುಕೊಂಡು ಚಕ್ರಕ್ಕೆ ಕಲ್ಲು ಕೊಟ್ಟೆ.

ರೇಡಿಯೇಟರ್ ಸೋರಿದರೆ ನಮ್ಮ ಡ್ರೈವರುಗಳ ಮದ್ದು ಅರಿಶಿನ. ಪುಡಿ ನೀರಿನ ಜೊತೆ ಒಳಗೆಲ್ಲ ಓಡಾಡಿ, ತೂತು ಸಣ್ಣದಾಗಿದ್ದರೆ ಅಲ್ಲೇ ಕೂತು ಮುಚ್ಚಿಕೊಳ್ಳುತ್ತದೆ. ಅದಕ್ಕೇ ಎಲ್ಲರೂ ಸೀಟಿನ ಕೆಳಗೊಂದು ಪೊಟ್ಟಣ ಇಟ್ಟಿರುತ್ತಾರೆ. ನನ್ನ ಪೊಟ್ಟಣವನ್ನು ಕ್ಲೀನರ್ ಮಹಾಶಯ ಹಿಂದಿನ ವಾರ ಕೋಳಿಸಾರಿಗೆ ಸುರಿದಿದ್ದ. ಸಾರು ಚೆನ್ನಾಗಿದೆ ಎಂದು ಎರಡು ಸಲ ಹಾಕಿಸಿಕೊಂಡವನೂ ನಾನೇ.

ರಸ್ತೆ ಪಕ್ಕದಲ್ಲಿ ಹೊಗೆಸೊಪ್ಪು ಬೇಯಿಸುವ ಬ್ಯಾರನ್, ಅದಕ್ಕಂಟಿಕೊಂಡು ಒಂದು ಹೆಂಚಿನ ಮನೆ. ಐವತ್ತು ದಾಟಿದ ಹೆಂಗಸೊಬ್ಬರು ದೇವರಿಗೆ ದೀಪ ಹಚ್ಚಿ ಹೊರಗೆ ಬಂದರು. ತಲೆ ಮೇಲಿನ ಸೆರಗು ಹುಬ್ಬಿನವರೆಗೂ ಇಳಿದಿತ್ತು.

“ಅವ್ವಾ, ಒಂದಿಷ್ಟು ಅರಿಶಿನದ ಪುಡಿ ಇದ್ರೆ ಕೊಡಿ. ಲಾರಿಗೆ ಬೇಕಿತ್ತು.”

“ದೀಪ ಅಚ್ಚಿದ ಮ್ಯಾಕೆ ಅರಿಶಿನ ಉಪ್ಪು ಆಚೆಗೆ ಕೊಡಕಿಲ್ಲ ಕಣಪ್ಪ. ನೀರು ಬೇಕಾರೆ ಎಷ್ಟಾರ ತಕ್ಕೊ.”

ಐದು ನಿಮಿಷ ಮೊದಲು ಬಂದಿದ್ದರೆ ಸಿಗುತ್ತಿತ್ತಲ್ಲ ಎಂದು ಮೈಯೆಲ್ಲ ಉರಿಯಿತು. ನಾಲಿಗೆ ಕಚ್ಚಿಕೊಂಡು, ಕೊಡ ಈಸಿಕೊಂಡು ಹೊರಟೆ. ಅವರೂ ಹಿಂದೆಯೇ ರಸ್ತೆತನಕ ಬಂದು ಲಾರಿಯನ್ನು ಮೇಲಿಂದ ಕೆಳಗೆ ನೋಡಿದರು.

“ಅಣೆ ಮ್ಯಾಲೆ ಏನಪ್ಪ ಬರ್ದಿರೋದು?”

“ಚಾಮುಂಡೇಶ್ವರಿ ಪ್ರಸನ್ನ ಅಂತವ್ವ.”

“ಅಂಗಾರೆ ಇವ್ಳೂ ಎಣ್ಮಗಳೇ ಅಲ್ವಾ?” ಎಂದು ಮನೆಯತ್ತ ತಿರುಗಿದರು. “ಬಾಗ್ಲಿಗೆ ಬಂದ ಎಣ್ಮಗಳಿಗೆ ಅರಿಶಿನ ಕುಂಕುಮ ಕೊಡ್ದೆ ಕಳ್ಸಕಾಯ್ತದಾ? ಅದುಕ್ಕೆ ವೊತ್ತಿಲ್ಲ ಗೊತ್ತಿಲ್ಲ” ಎಂದವರೇ ಒಳಗೆ ಹೋದರು.

ಅಡುಗೆಮನೆಯ ಅರಿಶಿನದ ಡಬ್ಬವನ್ನೂ ದೇವರ ಮುಂದಿನ ಕುಂಕುಮದ ಬಟ್ಟಲನ್ನೂ ತಂದರು. ಬಾನೆಟ್ಟಿಗೆ ಅರಿಶಿನ ಹಚ್ಚಿ, ನಡುವೆ ದುಂಡಗೆ ಕುಂಕುಮ ಇಟ್ಟರು. ಇಡುವ ಮೊದಲು ಬೆರಳನ್ನು ಒಮ್ಮೆ ಹಿಂದಕ್ಕೆಳೆದುಕೊಂಡಿದ್ದರು. ಬಿಸಿ ತಾಗಿತೇನೋ ಅಂದುಕೊಂಡೆ. “ಇನ್ನು ಇದು ಅವಳ್ದು. ಏನಾರ ಮಾಡ್ಕೊ” ಎಂದು ಡಬ್ಬವನ್ನೇ ಕೈಗಿತ್ತರು.

ಎಂಜಿನ್ ಆರುವವರೆಗೆ ಕಾದು, ಒದ್ದೆ ಗೋಣಿ ಹಾಕಿ ಮುಚ್ಚಳ ತಿರುಗಿಸಿದೆ. ಚೊಂಬಿನಲ್ಲಿ ಅರಿಶಿನ ಕದಡಿ ಸುರಿದು, ಎರಡು ಕೊಡ ನೀರು ಹೊಯ್ದು ಸ್ಟಾರ್ಟ್ ಮಾಡಿದೆ. ದಾರ ಹನಿಯಾಯಿತು. ಹನಿ ನಿಧಾನವಾಗಿ ನಿಂತಿತು. ನೆಲದ ಮೇಲೆ ಕೂತುಬಿಟ್ಟೆ, ಕಣ್ಣಲ್ಲಿ ನೀರು ಬಂತು.

ಹೊರಡುವಾಗ ಹೆಡ್‌ಲೈಟ್ ಹಾಕಿದೆ. ಅವರು ಎದುರಿಗೇ ನಿಂತಿದ್ದರು, ಸೆರಗು ಹಿಂದಕ್ಕೆ ಜಾರಿತ್ತು. ಹಣೆ ಬರಿದಾಗಿತ್ತು, ಕೊರಳೂ ಬರಿದು. ಗಂಡ ತೀರಿಕೊಂಡವರ ಕೈಯಿಂದ ನಮ್ಮ ಕಡೆ ಯಾರೂ ಅರಿಶಿನ ಕುಂಕುಮ ಇಡಿಸಿಕೊಳ್ಳುವುದಿಲ್ಲ. ನನ್ನ ತಾಯಿಯೂ ಇಡಿಸಿಕೊಳ್ಳುತ್ತಿರಲಿಲ್ಲ. ನಾನು ನೋಡಿದ್ದು ಅವರಿಗೆ ತಿಳಿಯಿತು.

“ನಮ್ಮೆಜಮಾನ್ರು ಓದ ಮ್ಯಾಕೆ ಯಾರ ಅಣೆಗೂ ಇಟ್ಟಿರ್ನಿಲ್ಲ ಕಣಪ್ಪ,” ಅಂದರು. “ನಿನ್ ಲಾರಿ ಬ್ಯಾಡ ಅನ್ನಕಿಲ್ವಲ್ಲ.”

ಇಳಿದು ಹೋಗಿ ಕಾಲು ಮುಟ್ಟಿ ನಮಸ್ಕರಿಸಿ ಬಂದೆ.

ಎಂಜಿನ್ ಉಳಿಯಿತು, ಕೀ ನನ್ನ ಕೈಯಲ್ಲೇ ಉಳಿಯಿತು. ಹುಣಸೂರಿನ ರೇಡಿಯೇಟರ್ ಮೇಸ್ತ್ರಿ ಮಾರನೆಯ ದಿನ ಒಳಗಿನ ಅರಿಶಿನದ ರಾಡಿ ಬಳಿದು ತೆಗೆಯುತ್ತ ನನ್ನನ್ನು ಮನಸಾರೆ ಬೈದು ಬೆಸುಗೆ ಹಾಕಿದ. ಕೆಲವು ತಿಂಗಳ ಮೇಲೆ ಮಾಲೀಕರು ಹೊಸ ರೇಡಿಯೇಟರನ್ನೇ ಕೂರಿಸಿದರು. ಅದು ಒಂದು ತೊಟ್ಟೂ ಸೋರಲಿಲ್ಲ.

ಆದರೂ ಆ ದಾರಿಯಲ್ಲಿ ಹೋದಾಗಲೆಲ್ಲ ಬ್ಯಾರನ್ ಮುಂದೆ ಲಾರಿ ನಿಲ್ಲಿಸಿ ಕೂಗುತ್ತಿದ್ದೆ: “ಅವ್ವಾ, ತಿರ್ಗ ಸೋರ್ತಾ ಅದೆ, ಒಸಿ ಅರಿಶಿನ ಕೊಡ್ರವ್ವ!” ಅವರು ಒಂದು ಸಲವೂ ಬಗ್ಗಿ ಕೆಳಗೆ ನೋಡಲಿಲ್ಲ. ಕುಂಕುಮದ ಬಟ್ಟಲನ್ನೂ ಹಿಡಿದುಕೊಂಡೇ ಬರುತ್ತಿದ್ದರು.